ಹಾಲಿ ಸಿಕ್ಕಾ ಕಾಲದ ಗಡಿ ವ್ಯಾಪಾರ

ಯಾದಗಿರಿ ಪಕ್ಕದ ಮುದನಾಳ, ಶಹಾಪುರ, ಸುರಪುರ ಸೀಮೆಯೆಲ್ಲ 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ವಿಜಾಪುರ, ತುಂಗಭದ್ರೆಯಾಚೆ ಮದರಾಸಿನ ಬಳ್ಳಾರಿ. ಗಡಿ ದಾಟುವ ಸರಕಿಗೆ ಕರೋಡಗಿರಿ ಇಲಾಖೆ ಸುಂಕ ಕಟ್ಟಿಸಿಕೊಳ್ಳುತ್ತಿತ್ತು. 1802ರ ಒಪ್ಪಂದವು ಬ್ರಿಟಿಷ್ ಸರಕಿನ ಮೇಲಿನ ಸುಂಕವನ್ನು ನೂರಕ್ಕೆ ಐದೆಂದು ನಿಗದಿ ಮಾಡಿತ್ತು.

ಸುಂಕಕ್ಕಿಂತ ನಾಣ್ಯದ ಲೆಕ್ಕವೇ ತೊಡಕಿನದು. ಸಂಸ್ಥಾನದೊಳಗೆ ನಿಜಾಮನ ಹಾಲಿ ಸಿಕ್ಕಾ, ಹೊರಗೆ ಬ್ರಿಟಿಷ್ ಭಾರತದ ಕಲ್ದಾರ್ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್ ಎಂಬ ದರದಲ್ಲಿ ನೂರು ಕಲ್ದಾರ್ ಸಾಲ ತೀರಿಸಲು 116 ರೂಪಾಯಿ 10 ಆಣೆ 8 ಪೈ ಹಾಲಿ ಬೇಕಾಗುತ್ತಿತ್ತು. ಅಷ್ಟಾದರೂ 1871ರಲ್ಲಿ ರಾಯಚೂರಿನವರೆಗೆ ಬಂದ ರೈಲಿನಿಂದ ಯಾದಗಿರಿಗೆ ಮುಂಬಯಿ, ಮದರಾಸು ಎರಡೂ ಪೇಟೆಗಳ ನಂಟು ಬೆಳೆದಿತ್ತು.

1947ರಲ್ಲಿ ನಿಜಾಮ ಭಾರತ ಒಕ್ಕೂಟ ಸೇರಲಿಲ್ಲ. ಆ ವರ್ಷದ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಲ್ಲೇ ಹೈದರಾಬಾದ್ ಸರ್ಕಾರ ಚಿನ್ನ-ಬೆಳ್ಳಿ ಸಾಗಣೆಗೆ ತಡೆ ಹಾಕಿ, ಭಾರತದ ರೂಪಾಯಿಯ ಚಲಾವಣೆಯನ್ನೂ ನಿಷೇಧಿಸಿತು. ಎರಡೂ ಕಡೆ ಲೇವಾದೇವಿ ಇದ್ದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಿರಲಿಲ್ಲ. ಭಾರತದ ಕಡೆಯಿಂದಲೂ ಸರಕು ಬರುವುದು ಬಿಗಿಯಾಯಿತು. ಅದನ್ನು ಹೈದರಾಬಾದ್ ಆರ್ಥಿಕ ದಿಗ್ಬಂಧನವೆಂದು ದೂರಿತು. ನಿಜಾಮನ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಹೆದರಿ ಅನೇಕ ಕುಟುಂಬಗಳು ಗಡಿಯಾಚೆ ವಲಸೆ ಹೋದವು.

1948ರ ಸೆಪ್ಟೆಂಬರ್ 17ರಂದು ನಿಜಾಮ ಭಾರತದ ಸೇನೆಗೆ ಶರಣಾದ. ಸುಂಕದ ಕಟ್ಟೆಗಳು ಮಾತ್ರ ತಕ್ಷಣ ಹೋಗಲಿಲ್ಲ. 1950ರ ಹಣಕಾಸು ವಿಲೀನದ ನಂತರ ಹಂತಹಂತವಾಗಿ ತೆರವಾದವು. ಹಾಲಿ ಸಿಕ್ಕಾ 1959ರಲ್ಲಿ ಅಮಾನ್ಯವಾಯಿತು. ಅಷ್ಟರಲ್ಲಿ, 1956ರ ನವೆಂಬರ್ 1ರಂದು, ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತ್ತು.