ಪುರಸಭಾಧ್ಯಕ್ಷರ ಅವಧಿ (ಹಾವೇರಿ ಜಿಲ್ಲೆ)
ಹಾನಗಲ್ಲ, ಶಿಗ್ಗಾವಿ, ಸವಣೂರು ಪುರಸಭೆಗಳಲ್ಲೂ ಹಿರೇಕೆರೂರು ಪಟ್ಟಣ ಪಂಚಾಯಿತಿಯಲ್ಲೂ ಸದಸ್ಯರ ಅವಧಿ 5 ವರ್ಷ. ಅಧ್ಯಕ್ಷರದು 30 ತಿಂಗಳು ಮಾತ್ರ. ಕುಡಿಯುವ ನೀರಿನಂಥ ಕಾಮಗಾರಿ ಮುಗಿಸಲು ಇದು ತೀರಾ ಕಡಿಮೆ. ಅಧ್ಯಕ್ಷರನ್ನು ಆರಿಸುವಾಗ ಸದಸ್ಯರ ಜೊತೆಗೆ ಶಾಸಕ, ಸಂಸದರಿಗೂ ಮತವಿದೆ. ಬಲಾಬಲ ಸಮವಾಗಿದ್ದಲ್ಲಿ ಗದ್ದುಗೆ ಯಾರಿಗೆಂದು ಆ ಎರಡು ಮತಗಳೇ ತೀರ್ಮಾನಿಸಬಹುದು. ಎರಡನೇ ಅವಧಿಗೆ ಅಧ್ಯಕ್ಷ ಸ್ಥಾನದ ಮೀಸಲಾತಿ ಬದಲಾದಾಗ, ಬಹುಮತವಿದ್ದರೂ ಮೀಸಲಾದ ವರ್ಗದ ಸದಸ್ಯರಿಲ್ಲದ ಪಕ್ಷ ಅಧಿಕಾರ ಕಳೆದುಕೊಳ್ಳಬಹುದು. ಶಾಸಕರ ಪಕ್ಷ ಬದಲಾದರೂ ಈ ಲೆಕ್ಕ ಬದಲಾಗುತ್ತದೆ: ನೆರೆಯ ಶಿಗ್ಗಾವಿಯ ಬಿಜೆಪಿ ಶಾಸಕ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗಲೇ, 2021ರ ಹಾನಗಲ್ಲ ವಿಧಾನಸಭಾ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ ಗೆದ್ದರು. 2023ರಲ್ಲಿ ಹಿರೇಕೆರೂರು, 2024ರ ಉಪಚುನಾವಣೆಯಲ್ಲಿ ಸವಣೂರನ್ನು ಒಳಗೊಂಡ ಶಿಗ್ಗಾವಿ ಕ್ಷೇತ್ರ ಬಿಜೆಪಿಯ ಕೈತಪ್ಪಿದವು; ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರ ಮತವೂ ಕಾಂಗ್ರೆಸ್ಸಿನ ಪಾಲಾಯಿತು.