ಯಂತ್ರಗಳ ಆಯುರ್ಗಣನೆಯಲ್ಲಿ ದತ್ತಾಂಶದ ಬೆರಕೆ

ಕಾರ್ಖಾನೆಗಳಲ್ಲಿ ಪಾಳಿಯಿಂದ ಪಾಳಿಗೆ ಬರೆದಿಡುವ ಲಾಗ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಯಂತ್ರಗಳ ಆಯುಷ್ಯವನ್ನು ಗಣಿಸಹೊರಟವರು ಬಹುತೇಕ ಆಶ್ರಯಿಸುವುದು ಸ್ವೀಡನ್ನಿನ ವಲೋಡಿ ವೈಬುಲ್ 1951ರ ಪ್ರಬಂಧದಲ್ಲಿ ವಿವರಿಸಿದ ಸಂಭಾವ್ಯತಾ ವಿತರಣೆಯನ್ನು. ಉಕ್ಕಿನ ಬಲವನ್ನೂ ಭಾರತದ ಹತ್ತಿಯೆಳೆಯ ಬಲವನ್ನೂ ಒಂದೇ ಸೂತ್ರಕ್ಕೆ ಒಳಪಡಿಸಿದ ಆ ಪ್ರಬಂಧದ ಧೈರ್ಯ ಮೆಚ್ಚತಕ್ಕದ್ದೇ. ಆ ವಿತರಣೆಯ ಆಕಾರಾಂಕವು 1ನ್ನು ಮೀರಿದರೆ ಸವೆತವೆಂದೂ, 1 ಆಗಿದ್ದರೆ ವೈಫಲ್ಯವು ಕೇವಲ ಆಕಸ್ಮಿಕವೆಂದೂ, ಅದಕ್ಕಿಂತ ಕಡಮೆಯಾದರೆ, ಎಂದರೆ ವೈಫಲ್ಯದ ದರ ಕಾಲದೊಡನೆ ಇಳಿಯುತ್ತಿದ್ದರೆ, ತಯಾರಿಕೆಯಲ್ಲೋ ಜೋಡಣೆಯಲ್ಲೋ ದೋಷವಿದೆಯೆಂದೂ ಅರ್ಥೈಸುವುದು ವಾಡಿಕೆ. ಈ ಮೂರನೆಯ ತೀರ್ಮಾನಕ್ಕೆ ಎಷ್ಟೋ ವೇಳೆ ಕಾರಣವು ಯಂತ್ರದಲ್ಲಿರದೆ ದತ್ತಾಂಶದ ಬೆರಕೆಯಲ್ಲಿರುತ್ತದೆಂಬುದು ಪ್ರಸ್ತುತ ಲೇಖನದ ವಾದ.

ಕಲ್ಪಿತ ನಿದರ್ಶನವೊಂದನ್ನು ತೆಗೆದುಕೊಳ್ಳೋಣ. ತಿಳಿನೀರನ್ನೆತ್ತುವ ಪಂಪುಗಳ ಸರಾಸರಿ ಆಯುಷ್ಯ 10,000 ಗಂಟೆ, ಕೆಸರುನೀರನ್ನೆತ್ತುವವುಗಳದು 1,000 ಗಂಟೆ. ಎರಡೂ ಸಮಸಂಖ್ಯೆಯಲ್ಲಿದ್ದು ಒಂದೇ ದಿನ ಓಡತೊಡಗಿವೆ, ಎರಡರಲ್ಲೂ ವೈಫಲ್ಯದ ದರ ಕಾಲದೊಡನೆ ಬದಲಾಗದು. ಇವನ್ನು ‘ಪಂಪುಗಳು’ ಎಂಬ ಒಂದೇ ತಲೆಬರಹದಡಿ ಸೇರಿಸಿದೆವೆಂದರೆ, ಮೊದಲು 10,000 ಯಂತ್ರಗಂಟೆಗಳಿಗೆ 5.5ರಷ್ಟಿದ್ದ ದರವು, 2,000 ಗಂಟೆಗಳ ಬಳಿಕ ಕೆಡದೆ ಉಳಿದವುಗಳಲ್ಲಿ ಸುಮಾರು 2.3ಕ್ಕೆ ಇಳಿದು ಕಾಣುತ್ತದೆ. ಯಾವ ಪಂಪೂ ಸುಧಾರಿಸಿಲ್ಲ. ಕೆಸರಿನವು ಮುಂಚೆ ಉದುರಿವೆ, ಅಷ್ಟೆ. ಬೋಯಿಂಗ್ 720 ವಿಮಾನಗಳ ಹವಾನಿಯಂತ್ರಣ ಯಂತ್ರಗಳು ಕೆಟ್ಟ ಕಾಲಾಂತರಗಳನ್ನು ಪರಿಶೀಲಿಸಿ 1963ರಲ್ಲಿ ಫ್ರಾಂಕ್ ಪ್ರೊಶಾನ್ ಪ್ರತಿಪಾದಿಸಿದುದೂ ಇದನ್ನೇ: ಒಂದೊಂದು ವಿಮಾನದಲ್ಲಿ ಸ್ಥಿರವಾಗಿದ್ದ ದರವು ಎಲ್ಲವನ್ನೂ ಕೂಡಿಸಿದೊಡನೆ ಇಳಿಮುಖವಾಗಿ ತೋರಿತು.

ಬೆರಕೆಯ ಇನ್ನೊಂದು ಬಗೆ ಲಾಗ್ ಪುಸ್ತಕದ ಸಾಲಿನಲ್ಲಿಯೇ ಅಡಗಿರುತ್ತದೆ. ‘ಬೇರಿಂಗ್ ಬದಲಾಯಿಸಿದೆ’ ಎಂದು ರಾತ್ರಿಪಾಳಿಯ ಫಿಟ್ಟರು ಬರೆದ ಎರಡು ಪದಗಳಿಂದ, ಬೇರಿಂಗು ಬಿಸಿಯೇರಿ ಕೆಟ್ಟಿತೋ, ಹೇಗೂ ಬಿಚ್ಚಿದ್ದಾಯಿತೆಂದು ಒಳ್ಳೆಯದನ್ನೇ ತೆಗೆದರೋ ತಿಳಿಯುವಂತಿಲ್ಲ. ಎರಡನೆಯದು ಅಪೂರ್ಣ ಆಯುಷ್ಯ. ಅಂಥವನ್ನು ಎಣಿಕೆಯಲ್ಲಿ ಉಳಿಸಿಕೊಳ್ಳುವ ಕ್ರಮವನ್ನು ಕಪ್ಲಾನ್ ಮತ್ತು ಮೈಯರ್ 1958ರಲ್ಲಿಯೇ ಕೊಟ್ಟಿದ್ದಾರೆ. ಅದನ್ನು ವೈಫಲ್ಯವೆಂದು ಎಣಿಸಿದರೂ, ಪಟ್ಟಿಯಿಂದಲೇ ಕೈಬಿಟ್ಟರೂ, ಬೇರಿಂಗಿನ ಆಯುಷ್ಯ ನಿಜಕ್ಕಿಂತ ಕಿರಿದಾಗಿ ಹೊರಬರುತ್ತದೆ. ಹೀಗೆ ಕುಗ್ಗಿದ ಆಯುಷ್ಯವನ್ನು ನಂಬಿ ಮತ್ತಷ್ಟು ಬೇಗ ಬದಲಾಯಿಸುವ ಕಾರ್ಖಾನೆಗಳಿಗೆ, ಆ ಬೇರಿಂಗು ನಿಜಕ್ಕೂ ಎಷ್ಟು ಗಂಟೆ ಓಡಬಲ್ಲದೆಂಬುದನ್ನು ಅರಿಯುವ ಅವಕಾಶವೇ ಕೈತಪ್ಪುತ್ತದೆ. ಹಳೆಯ ಪುಟಗಳ ಮಟ್ಟಿಗೆ, ಉಗ್ರಾಣದ ರಿಜಿಸ್ಟರನ್ನೂ ವಾರ್ಷಿಕ ನಿಲುಗಡೆಯ ತಾರೀಖುಗಳನ್ನೂ ಪಕ್ಕದಲ್ಲಿಟ್ಟು ತಾಳೆನೋಡುವುದು ಉಪಯುಕ್ತ: ನಿಲುಗಡೆಯ ಒಂದೇ ವಾರದಲ್ಲಿ ಬದಲಾದ ಹತ್ತಾರು ಬೇರಿಂಗುಗಳೆಲ್ಲ ಕೆಟ್ಟವೇ ಆಗಿದ್ದಿರಲಾರವು.