ದಿಬ್ಬ ಬಂದ್ರೆ ಇಳಿದು ತಳ್ಳೋದು: ಸೈಕಲ್ ಗೇರಿನ ಒಂದು ಹಳೇ ಜಗಳ

ಇದನ್ನ ಸೈಕಲ್ ಮೇಲೆ ಕೂತ್ಕೊಂಡೇ ಕೇಳ್ತಿದ್ರೆ ದಯವಿಟ್ಟು ಒಂದು ಕಿವಿಯ ಇಯರ್‌ಫೋನ್ ತೆಗೀರಿ. ಹಿಂದೆ ಕಬ್ಬಿನ ಲಾರಿ ಬರ್ತಿರಬಹುದು.

ನಮ್ಮ ಕಡೆ, ಅಂದ್ರೆ ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ, ನೆಲ ಮಟ್ಟಸ ಇಲ್ಲ. ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ನಾಲೆ ನೀರು, ಗದ್ದೆ ಬಯಲು. ಇಲ್ಲಿ ರಾಗಿ ಹೊಲ, ತೆಂಗು, ಒಂದು ಏರು ಒಂದು ಇಳಿಜಾರು. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡ್ತು. ಆಮೇಲಿನ ಒಂದು ವರ್ಷ ನನಗೂ ಬಂತು. ಗೇರ್ ಇಲ್ಲ. ದಿಬ್ಬ ಬಂದ್ರೆ ಇಳಿದು ತಳ್ಳೋದು. ಅದು ಅವಮಾನ ಅಂತ ಯಾರೂ ಅಂದ್ಕೊಂಡಿರಲಿಲ್ಲ.

ಅವಮಾನ ಆಗಿದ್ದು ಆಮೇಲೆ. ಕೆಲಸ ಸಿಕ್ಕಿ, ಮೈಸೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡು, ಮೈಗಂಟಿದ ಬಟ್ಟೆ ಹಾಕ್ಕೊಂಡು ಮೇಲುಕೋಟೆಗೆ ಹೊರಟೆ. ಜಕ್ಕನಹಳ್ಳಿ ದಾಟಿ ಏರು ಶುರುವಾಯ್ತು. ಅರ್ಧ ದಾರೀಲಿ ಮೊಣಕಾಲು ಕೈಕೊಟ್ತು, ಇಳಿದೆ. ಹುಲ್ಲಿನ ಹೊರೆ ಹೊತ್ತ ಒಬ್ಬ ಅಜ್ಜ ನಿಂತು ನೋಡಿ ಕೇಳಿದ್ರು: "ಅಷ್ಟ್ ದುಡ್ ಕೊಟ್ ತಗಂಡಿದ್ದು ತಳ್ಳಕ್ಕಾ ಮಗ?"

ನನ್ನ ಬೈಕಿನ ಮುಂದಿನ ಚೈನ್ ಚಕ್ರಗಳು 53 ಮತ್ತು 39 ಹಲ್ಲಿನವು. ಕಾಂಪ್ಯಾಕ್ಟ್ ಹಾಕಿಸ್ಕೊಳ್ಳಲಾ, ಅಂದ್ರೆ 50 ಮತ್ತು 34, ಅಂತ ಜೊತೆಗಾರರನ್ನ ಕೇಳಿದೆ. "ಅದು ವಯಸ್ಸಾದವರಿಗೆ, ಕಾಲು ತಾನಾಗೇ ಬರುತ್ತೆ ಬಿಡು" ಅಂದ್ರು. ಮೊಣಕಾಲು ಮಾತ್ರ ಮೆಟ್ಟಿಲು ಇಳಿಯುವಾಗಲೂ ನೋಯ್ತಿತ್ತು.

ಈಗ ಮಜಾ ನೋಡಿ. ಇದೇ ಮಾತನ್ನ 1902ರಲ್ಲೇ ಒಬ್ಬರು ಬರೆದಿದ್ರು. ಹೆಸರು ಆನ್ರಿ ದೆಗ್ರಾಂಜ್. ಮರುವರ್ಷ ಟೂರ್ ದೆ ಫ್ರಾನ್ಸ್ ಶುರು ಮಾಡಿದ ಪತ್ರಕರ್ತ. ಬದಲಾಗೋ ಗೇರು 45 ದಾಟಿದವರಿಗೆ ಸರಿ, ಗೆಲ್ಲೋದು ಸ್ನಾಯುವಿನ ಬಲದಿಂದ ಇರಬೇಕು ಅನ್ನೋದು ಆತನ ವಾದ. ಎದುರು ಪಕ್ಷದಲ್ಲಿ ಇದ್ದವರು ಸೇಂಟ್ ಎಟಿಯೆನ್ ಊರಿನ ಪಾಲ್ ದ ವಿವಿ. 'ವೆಲೋಸಿಯೋ' ಅನ್ನೋ ಹೆಸರಲ್ಲಿ ಬರೀತಿದ್ರು, 1887ರಿಂದ ಸೈಕಲ್ ಪತ್ರಿಕೆ ನಡೆಸ್ತಿದ್ರು. ಅವರ ಊರಿನ ಸುತ್ತ ಬೆಟ್ಟ. ಬೆಟ್ಟದ ಊರಿನವನಿಗೆ ಗೇರು ಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ದೆಗ್ರಾಂಜ್ ಹಟ ಎಷ್ಟಿತ್ತು ಅಂದ್ರೆ, 1910ರಲ್ಲಿ ಟೂರ್ ಮೊದಲ ಸಲ ಪಿರನೀಸ್‌ನ ಎತ್ತರದ ಕಣಿವೆಗಳನ್ನ ಹತ್ತಿದಾಗಲೂ ಡಿರೈಲರ್ ಇಲ್ಲ. ಮಣ್ಣಿನ ದಾರಿ. ಆ ವರ್ಷ ಗೆದ್ದ ಒಕ್ತಾವ್ ಲಪೀಜ್ ಕೂಡ ಕೆಲವು ಕಡೆ ಇಳಿದು ತಳ್ಳಿದ, ಸಂಘಟಕರ ಮೇಲೆ ಕೊಲೆಗಾರರು ಅಂತ ಕೂಗಾಡಿದ. ಆಗಿನ ಉಪಾಯ ಒಂದೇ: ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಗಾಲಿ. ಬೆಟ್ಟದ ಬುಡದಲ್ಲಿ ನಿಂತು, ನಟ್ಟು ಬಿಚ್ಚಿ, ಚಕ್ರ ತಿರುಗಿಸಿ ಹಾಕ್ಕೋಬೇಕು. 1927ರಲ್ಲಿ ಇಟಲಿಯ ಕ್ರೋಚೆ ದಾವ್ನೆ ಕಣಿವೆಯಲ್ಲಿ ಚಳಿಗೆ ಬೆರಳು ಮರಗಟ್ಟಿ ಆ ನಟ್ಟು ಬಿಚ್ಚೋಕಾಗದೆ ತುಲ್ಲಿಯೋ ಕಾಂಪಾನ್ಯೋಲೋ ರೇಸ್ ಕಳ್ಕೊಂಡ ಅನ್ನೋದು ಸೈಕಲ್ ಲೋಕದ ದಂತಕಥೆ. ಮುಂದೆ ಆತ ತಂದ ಕ್ವಿಕ್ ರಿಲೀಸ್ ಲಿವರು ಇವತ್ತಿಗೂ ಎಷ್ಟೋ ಬೈಕಲ್ಲಿದೆ. ಟೂರ್‌ನಲ್ಲಿ ಡಿರೈಲರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ, ದೆಗ್ರಾಂಜ್ ಪಕ್ಕಕ್ಕೆ ಸರಿದ ಮೇಲೆ. 35 ವರ್ಷದ ಜಗಳ!

ಆದ್ರೆ ಡಿರೈಲರ್ ಬಂದ್ರೂ ಹಟ ಮುಂದಿನ ಚಕ್ರದಲ್ಲಿ ಉಳ್ಕೊಂಡಿತು. ಕಾರಣ ಒಂದು ಬೋಲ್ಟಿನ ವೃತ್ತ. ಚೈನ್ ಚಕ್ರವನ್ನ ಕ್ರ್ಯಾಂಕಿಗೆ ಬಿಗಿಯೋ ಐದು ಬೋಲ್ಟು ಕೂರೋ ವೃತ್ತದ ವ್ಯಾಸ ಹಳೇ ಕಾಂಪಾನ್ಯೋಲೋದಲ್ಲಿ 144 ಮಿ.ಮೀ., 41ಕ್ಕಿಂತ ಚಿಕ್ಕ ಚಕ್ರ ಅದಕ್ಕೆ ಕೂರಲ್ಲ. ಆಮೇಲಿನ 130ರಲ್ಲಿ ಕನಿಷ್ಠ 38. ಕಾಂಪ್ಯಾಕ್ಟಿನದು 110. ಅದರಲ್ಲಿ 34 ಕೂರುತ್ತೆ. ಅದಕ್ಕೇ ಬರೀ ಚಕ್ರ ಬದಲಿಸಿದ್ರೆ ಸಾಲಲ್ಲ, ಇಡೀ ಕ್ರ್ಯಾಂಕ್ ಬದಲಿಸಬೇಕು. 110ರ ವೃತ್ತ ಟೂರಿಂಗ್ ಸೈಕಲ್ಲುಗಳಲ್ಲಿ ಮೊದಲಿಂದ ಇತ್ತು, ರೇಸಿನವರು ಮುಟ್ಟುತ್ತಿರಲಿಲ್ಲ ಅಷ್ಟೆ.

ಮುಟ್ಟಿಸಿದ್ದು ಒಂದು ಮುರಿದ ಮೂಳೆ. 2003ರ ಟೂರ್, ಮೊದಲ ಹಂತದಲ್ಲೇ ಬಿದ್ದು ಅಮೆರಿಕದ ಟೈಲರ್ ಹ್ಯಾಮಿಲ್ಟನ್ ಕೊರಳೆಲುಬು ಬಿರುಕುಬಿಟ್ಟಿತು. ಹ್ಯಾಂಡಲ್ ಎಳೆದು ಎದ್ದು ತುಳಿಯೋಕಾಗಲ್ಲ. ಕಾಂಪ್ಯಾಕ್ಟ್ ಹಾಕ್ಕೊಂಡು ಕೂತೇ ತುಳಿದ. 16ನೇ ಹಂತ ಗೆದ್ದ, ಒಟ್ಟಾರೆ ನಾಲ್ಕನೆಯವನಾದ. (ಉದ್ದೀಪನ ಮದ್ದು ತಗೊಂಡಿದ್ದನ್ನ 2011ರಲ್ಲಿ ಅವನೇ ಒಪ್ಪಿಕೊಂಡ, ಆ ಕಥೆ ಇನ್ನೊಂದು ಸಂಚಿಕೆಗೆ.) ಮದ್ದಿನ ಹೆಸರು ಕೆಟ್ಟಿತು, ಕ್ರ್ಯಾಂಕಿನ ಹೆಸರು ಉಳಿಯಿತು. ಶಿಮಾನೋ 2012ರಲ್ಲಿ ತಂದ ಡ್ಯೂರಾ ಏಸ್‌ನಲ್ಲಿ 53, 52, 50 ಎಲ್ಲಕ್ಕೂ ಒಂದೇ 110ರ ವೃತ್ತ ಇಟ್ಟಿತು.

ಲೆಕ್ಕ ಹೇಳ್ತೀನಿ, ಬೇಜಾರಾಗ್ಬೇಡಿ. ಪೆಡಲ್ ಒಂದು ಸುತ್ತು ಹಾಕಿದ್ರೆ ಎಷ್ಟು ದೂರ ಹೋಗ್ತೀರಿ? ಮುಂದೆ 44, ಹಿಂದೆ 18 ಹಲ್ಲಿರೋ ಹಳೇ ಕಪ್ಪು ಸೈಕಲ್ಲಲ್ಲಿ ಸುಮಾರು 5.4 ಮೀಟರ್. ನನ್ನ ಬೈಕಿನ ಅತಿ ಹಗುರ ಗೇರಲ್ಲಿ, 39ಕ್ಕೆ 25, 3.3 ಮೀಟರ್. ಕಾಂಪ್ಯಾಕ್ಟಲ್ಲಿ 34ಕ್ಕೆ 28 ಹಾಕಿದ್ರೆ 2.55. ಪ್ರತಿ ತುಳಿತಕ್ಕೂ ಹೊರೆ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿಯುತ್ತೆ. ಕಳ್ಕೊಳ್ಳೋದೇನು? ನಿಮಿಷಕ್ಕೆ 90 ಸುತ್ತು ತುಳಿದ್ರೆ 53–11ರಲ್ಲಿ ಗಂಟೆಗೆ 54 ಕಿ.ಮೀ. ದಾಟಬಹುದಿತ್ತು, 50–11ರಲ್ಲಿ 51. ಮಂಡ್ಯ ಜಿಲ್ಲೆಯ ಹಂಪುಗಳ ಮೇಲೆ 51ರಲ್ಲಿ ಹೋಗೋರಿದ್ರೆ ಕೈಮುಗೀತೀನಿ.

ಬದಲಿಸಿದೆ. ಎರಡು ವಿಷಯ ನೆನಪಿಡಿ. ದೊಡ್ಡ ಚಕ್ರ ಮೂರು ಹಲ್ಲು ಕಮ್ಮಿ ಆದಾಗ ಅದರ ಅಂಚು ಸುಮಾರು 6 ಮಿ.ಮೀ. ಕೆಳಗೆ ಬರುತ್ತೆ, ಮುಂದಿನ ಡಿರೈಲರನ್ನೂ ಅಷ್ಟೇ ಇಳಿಸಬೇಕು. ಇಳಿಸದಿದ್ರೆ ಚೈನು ಹೊರಗೆ ಹಾರುತ್ತೆ. ನನ್ನ ಬೈಕ್ ಮಾಡಿದ ಅಂಗಡಿಯವರು ಇಳಿಸಿರಲಿಲ್ಲ, ಎರಡು ಸಲ ಕೈ ಕಪ್ಪಾಯ್ತು. ಇನ್ನೊಂದು, 50ರಿಂದ 34ಕ್ಕೆ ಒಂದೇ ಸಲ 16 ಹಲ್ಲಿನ ಜಿಗಿತ. ಕಾಲು ಗಾಳಿ ತುಳಿದಂಗಾಗುತ್ತೆ. ಮುಂದೆ ಇಳಿಸೋ ಹೊತ್ತಿಗೇ ಹಿಂದೆ ಎರಡು ಗೇರು ಬಿಗಿ ಮಾಡ್ಕೋಬೇಕು. ಒಂದು ವಾರದಲ್ಲಿ ಬೆರಳಿಗೆ ಬರುತ್ತೆ.

ಮೇಲುಕೋಟೆ ಏರು ಈಗ ಕೂತೇ ಹತ್ತುತ್ತೀನಿ, ನಿಮಿಷಕ್ಕೆ 60 ಸುತ್ತು, ಗಂಟೆಗೆ ಬರೀ 9 ಕಿ.ಮೀ. ನನ್ನ ಶಾಲೆಯ ಸೈಕಲ್ ಇನ್ನೂ ಮನೇಲಿದೆ, ಅಪ್ಪ ಅದರಲ್ಲಿ ಹೊಲದಿಂದ ಹುಲ್ಲು ತರ್ತಾರೆ. ದಿಬ್ಬದಲ್ಲಿ ಇಳಿದು ತಳ್ಳುತ್ತಾರೆ. ಹೋದ ಭಾನುವಾರ ಹಿಂದಿನ ಫ್ರೀವೀಲ್ ತೆಗೆದು 22 ಹಲ್ಲಿನದು ಹಾಕಲಾ ಅಂತ ಕೇಳಿದೆ. "ಚೈನ್ ಸಾಲ್ತದಾ?" ಅಂದ್ರು. ಸಾಲಲ್ಲ, ಎರಡು ಕೊಂಡಿ ಸೇರಿಸಬೇಕು. ಈ ಶನಿವಾರ ನಾಗಮಂಗಲಕ್ಕೆ ಹೋಗಿ ತರ್ತೀನಿ.